ಊರು ಕೊಟ್ಟದ್ದೇನು, ಕೊಂಡದ್ದೇನು? ಅಮೆರಿಕದ ದಕ್ಷಿಣ ಸೀಮೆಯಿಂದ ವರ್ತಕರಿಗೊಂದು ಪಾಠ

ಒಂದು ಊರಿನ ಆರ್ಥಿಕ ಸ್ಥಿತಿಯನ್ನು ಅಳೆಯಲು ತಜ್ಞರು ಹಲವು ಮಾನದಂಡಗಳನ್ನು ಬಳಸುತ್ತಾರೆ. ತಲಾ ಆದಾಯ, ಬ್ಯಾಂಕ್ ಠೇವಣಿ, ತೆರಿಗೆ ಸಂಗ್ರಹ, ವಿದ್ಯುತ್ ಬಳಕೆ ಮುಂತಾದವು ಅವುಗಳಲ್ಲಿ ಕೆಲವು. ಆದರೆ ಜನರ ಮದುವೆ-ಮುಂಜಿ, ಸಾವು-ನೋವು, ಸಂತೆ-ಜಾತ್ರೆಗಳನ್ನು ಹತ್ತಿರದಿಂದ ನೋಡುವವನಿಗೆ ಈ ಅಂಕಿ-ಅಂಶಗಳು ಹೇಳದ ಸಂಗತಿಯೊಂದು ಕಾಣಿಸುತ್ತದೆ. ಊರಿನ ಜನ ಬಳಸುವ ವಸ್ತುಗಳಲ್ಲಿ ಊರಿನ ಕೈಕೆಲಸ ಎಷ್ಟು, ಹೊರಗಿನಿಂದ ಬಂದದ್ದೆಷ್ಟು ಎಂಬುದೇ ಆ ಸಂಗತಿ. ಇದನ್ನು ಒಂದೇ ಒಂದು ಶವಸಂಸ್ಕಾರದ ಉದಾಹರಣೆಯಿಂದ ಮನಮುಟ್ಟುವಂತೆ ಹೇಳಿದವರು ಅಮೆರಿಕದ ದಕ್ಷಿಣ ಸೀಮೆಯ ಪತ್ರಕರ್ತ ಹೆನ್ರಿ ಗ್ರೇಡಿ.

ಜಾರ್ಜಿಯಾ ರಾಜ್ಯದ ಅಥೆನ್ಸ್ ಪಟ್ಟಣದಲ್ಲಿ 1850ರಲ್ಲಿ ಜನಿಸಿದ ಗ್ರೇಡಿಯವರು 1880ರಲ್ಲಿ ‘ಅಟ್ಲಾಂಟಾ ಕಾನ್‌ಸ್ಟಿಟ್ಯೂಷನ್’ ಪತ್ರಿಕೆಯ ಪಾಲುದಾರರೂ ಸಂಪಾದಕರೂ ಆದರು. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸೋತು, ಗುಲಾಮರ ದುಡಿಮೆಯನ್ನೇ ನಂಬಿದ್ದ ಹತ್ತಿ ಬೇಸಾಯ ಕುಸಿದು, ದಕ್ಷಿಣದ ರಾಜ್ಯಗಳು ಬಡತನದಲ್ಲಿ ಮುಳುಗಿದ್ದ ಕಾಲವದು. ಹತ್ತಿ ಬೆಳೆದು ಉತ್ತರಕ್ಕೆ ಕಳುಹಿಸುವುದು, ಉತ್ತರದಿಂದ ಬಟ್ಟೆ ಕೊಳ್ಳುವುದು, ಇದೇ ಅಲ್ಲಿನ ವ್ಯವಹಾರವಾಗಿತ್ತು. 1886ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಮಾಡಿದ ‘ನವ ದಕ್ಷಿಣ’ ಎಂಬ ಭಾಷಣ ಗ್ರೇಡಿಯವರಿಗೆ ದೇಶವ್ಯಾಪಿ ಖ್ಯಾತಿ ತಂದಿತು. ಮೂರು ವರ್ಷಗಳ ಬಳಿಕ, 1889ರ ಡಿಸೆಂಬರ್‌ನಲ್ಲಿ, ಬಾಸ್ಟನ್ ನಗರದ ಉದ್ಯಮಿಗಳ ಮುಂದೆ ಅವರು ಆ ಶವಸಂಸ್ಕಾರದ ಪ್ರಸಂಗವನ್ನು ವಿವರಿಸಿದರು. ಅದೇ ತಿಂಗಳು ತಮ್ಮ 39ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಶವಸಂಸ್ಕಾರದ ಲೆಕ್ಕ

ಜಾರ್ಜಿಯಾದ ಪಿಕೆನ್ಸ್ ಕೌಂಟಿಯಲ್ಲಿ ಒಬ್ಬ ಬಡವನ ಶವಸಂಸ್ಕಾರ. ಗೋರಿ ತೋಡಿದ್ದು ಅಮೃತಶಿಲೆಯ ನೆಲದಲ್ಲಿ. ತಲೆಯ ಬಳಿ ನಿಲ್ಲಿಸಿದ ಕಲ್ಲು ಬಂದದ್ದು ದೂರದ ವರ್ಮಾಂಟ್‌ನಿಂದ. ಸುತ್ತಲೂ ಪೈನ್ ಮರಗಳ ಕಾಡು. ಪೈನ್ ಹಲಗೆಯ ಶವಪೆಟ್ಟಿಗೆ ಬಂದದ್ದು ಸಿನ್ಸಿನಾಟಿಯಿಂದ. ಪಕ್ಕದಲ್ಲೇ ಕಬ್ಬಿಣದ ಗಣಿ. ಪೆಟ್ಟಿಗೆಗೆ ಬಡಿದ ಮೊಳೆ, ಮಣ್ಣೆಳೆದ ಸಲಿಕೆಯ ಕಬ್ಬಿಣ ಬಂದದ್ದು ಪಿಟ್ಸ್‌ಬರ್ಗ್‌ನಿಂದ. ಕುರಿ ಮೇಯಿಸಲು ಹೇಳಿ ಮಾಡಿಸಿದಂಥ ಹುಲ್ಲುಗಾವಲು. ಉಣ್ಣೆಯ ಪಟ್ಟಿ ಬಂದದ್ದು ಉತ್ತರದಿಂದ. ಸತ್ತವನ ಮೈಮೇಲಿನ ಕೋಟು ನ್ಯೂಯಾರ್ಕಿನದು, ಕಾಲಿನ ಬೂಟು ಬಾಸ್ಟನ್ನಿನದು. ದಕ್ಷಿಣ ಸೀಮೆ ಆ ಸಂಸ್ಕಾರಕ್ಕೆ ಒದಗಿಸಿದ್ದು ಎರಡೇ: ಒಂದು ಹೆಣ, ಇನ್ನೊಂದು ಅದನ್ನಿಡುವ ಗುಂಡಿ. ಗ್ರೇಡಿಯವರ ಮಾತಿನ ತಾತ್ಪರ್ಯ ಇಷ್ಟು.

ಎಲ್ಲ ವಸ್ತುಗಳನ್ನೂ ಊರಿನಲ್ಲೇ ತಯಾರಿಸಬೇಕೆಂಬುದು ಇದರ ಅರ್ಥವಲ್ಲ. ಅದು ಸಾಧ್ಯವೂ ಅಲ್ಲ, ಲಾಭದಾಯಕವೂ ಅಲ್ಲ. ವ್ಯಾಪಾರವೆಂಬುದೇ ಒಂದೂರಿನ ಸರಕು ಇನ್ನೊಂದೂರಿಗೆ ಹೋಗುವುದರಿಂದ ಹುಟ್ಟಿದ್ದು. ಆದರೆ ಕಲ್ಲಿನ ಗಣಿಯಲ್ಲಿ ಕುಳಿತು ಕಲ್ಲನ್ನು ಕೊಂಡು ತರುವ ಊರಿನಲ್ಲಿ ಏನೋ ಕೊರತೆಯಿದೆ. ಆ ಕೊರತೆ ಕಚ್ಚಾ ವಸ್ತುವಿನದಲ್ಲ. ಬಂಡವಾಳ, ಯಂತ್ರ, ಕೌಶಲ ಮತ್ತು ‘ನಮ್ಮಿಂದಾದೀತು’ ಎಂಬ ಧೈರ್ಯದ್ದು. ಹಿತ್ತಲ ಗಿಡ ಮದ್ದಲ್ಲ ಎಂಬ ಕನ್ನಡದ ಗಾದೆ ಪಿಕೆನ್ಸ್ ಕೌಂಟಿಗೂ ಅನ್ವಯಿಸುತ್ತಿತ್ತು.

ಪರಿಸ್ಥಿತಿ ಬದಲಾಗುತ್ತಿದೆ, ಆ ಗೋರಿಯ ಸಮೀಪದಲ್ಲೇ ಈಗ ಕಲ್ಲು ಕೊಯ್ಯುವ ದೊಡ್ಡ ಕಾರ್ಖಾನೆಯಿದೆ ಎಂದು ಗ್ರೇಡಿಯವರು ಅದೇ ಭಾಷಣದಲ್ಲಿ ಹೆಮ್ಮೆಯಿಂದ ಹೇಳಿಕೊಂಡರು. ಅದು ಸುಳ್ಳಲ್ಲ. ವಾಷಿಂಗ್ಟನ್ ನಗರದ ಲಿಂಕನ್ ಸ್ಮಾರಕದೊಳಗೆ ಕುಳಿತಿರುವ ಲಿಂಕನ್ ಪ್ರತಿಮೆ ಜಾರ್ಜಿಯಾದ ಬಿಳಿ ಅಮೃತಶಿಲೆಯದು. ಆ ಸ್ಮಾರಕ 1922ರಲ್ಲಿ ಲೋಕಾರ್ಪಣೆಗೊಂಡಿತು. ಆದರೆ ಪ್ರತಿಮೆಯನ್ನು ಕಡೆದದ್ದು ನ್ಯೂಯಾರ್ಕಿನ ಪಿಚ್ಚಿರಿಲ್ಲಿ ಸಹೋದರರ ಶಿಲ್ಪಶಾಲೆ. ಕಲ್ಲು ದಕ್ಷಿಣದ್ದು, ಉಳಿಯ ಕೂಲಿ ಉತ್ತರದ್ದು. ಇಳಕಲ್ಲಿನ ಕೆಂಪು ಗ್ರಾನೈಟನ್ನೂ ಚಾಮರಾಜನಗರದ ಕಪ್ಪು ಶಿಲೆಯನ್ನೂ ದಿಮ್ಮಿಗಳಾಗಿ ಹಡಗು ಹತ್ತಿಸುವುದನ್ನು ಕಂಡ ಕರ್ನಾಟಕದ ವರ್ತಕರಿಗೆ ಈ ವ್ಯತ್ಯಾಸವನ್ನು ವಿವರಿಸಿ ಹೇಳಬೇಕಾಗಿಲ್ಲ.

ಧಾರವಾಡದ ನಂಟು

ಈ ಸೀಮೆಗೂ ಕರ್ನಾಟಕಕ್ಕೂ ಹತ್ತಿಯ ಎಳೆಯ ನಂಟಿದೆ. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣದಿಂದ ಹತ್ತಿ ಬೆಳೆಗಾರರನ್ನು ಭಾರತಕ್ಕೆ ಕರೆತಂದು, ಅಲ್ಲಿನ ಬೀಜವನ್ನು ಇಲ್ಲಿನ ನೆಲದಲ್ಲಿ ಬಿತ್ತಿಸಿ ನೋಡಿತು. ಅನೇಕ ಕಡೆ ಪ್ರಯೋಗ ವಿಫಲವಾಯಿತು. ಧಾರವಾಡದ ಕಪ್ಪು ಮಣ್ಣಿನಲ್ಲಿ ಮಾತ್ರ ನ್ಯೂ ಆರ್ಲಿಯನ್ಸ್ ತಳಿ ಚೆನ್ನಾಗಿ ಬೇರೂರಿತು. ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನಿಂದ ಆ ಹತ್ತಿ ಲಂಕಾಷೈರಿನ ಮಾರುಕಟ್ಟೆಯಲ್ಲಿ ಪರಿಚಿತವಾಯಿತು.

ಅಂತರ್ಯುದ್ಧದಿಂದ ದಕ್ಷಿಣದ ಬಂದರುಗಳು ಮುಚ್ಚಿದಾಗ ಲಂಕಾಷೈರಿನ ಗಿರಣಿಗಳು ಭಾರತದ ಹತ್ತಿಗೆ ಮುಗಿಬಿದ್ದವು. ಬೆಲೆ ಗಗನಕ್ಕೇರಿತು, ಧಾರವಾಡ ಪ್ರಾಂತದ ರೈತರೂ ದಲಾಲರೂ ಕಂಡರಿಯದಷ್ಟು ಹಣ ಕಂಡರು. ಆ ಹತ್ತಿಯನ್ನು ಸಾಗಿಸಲೆಂದೇ ಕಾರವಾರದ ಬಂದರನ್ನು ಬೆಳೆಸುವ ಯೋಜನೆ ರೂಪುಗೊಂಡಿತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ನೆಲಕಚ್ಚಿತು. ಮುಂಬಯಿಯ ಷೇರುಪೇಟೆ ಕುಸಿದು ದೊಡ್ಡ ದೊಡ್ಡ ಸಾಹುಕಾರರು ದಿವಾಳಿಯಾದರು. ಬೇರೊಬ್ಬರ ಯುದ್ಧದಿಂದ ಬಂದ ಲಾಭ, ಆ ಯುದ್ಧದ ಜೊತೆಗೇ ಹೊರಟುಹೋಯಿತು. ಕಚ್ಚಾ ಸರಕನ್ನೇ ನಂಬಿದ ಊರಿನ ಅದೃಷ್ಟ ಸದಾ ಬೇರೆ ಊರಿನ ಕೈಯಲ್ಲಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು.

ಗಿರಣಿ ಬಂತು, ಗಿರಣಿ ಹೋಯಿತು

ಗ್ರೇಡಿಯವರು ಸೂಚಿಸಿದ ಪರಿಹಾರವೇನೋ ಸರಳವಾಗಿತ್ತು. ಹೊಲದ ಪಕ್ಕಕ್ಕೇ ಗಿರಣಿಯನ್ನು ತರಬೇಕು. ಉತ್ತರದ ಬಂಡವಾಳವನ್ನು ಆಹ್ವಾನಿಸಬೇಕು. ಊರೂರಿನ ವರ್ತಕರು ಷೇರು ಕೂಡಿಸಿ ನೂಲಿನ ಗಿರಣಿಗಳನ್ನು ಕಟ್ಟಿದರು. 1920ರ ದಶಕದ ಹೊತ್ತಿಗೆ ಕದಿರುಗಳ ಸಂಖ್ಯೆಯಲ್ಲಿ ದಕ್ಷಿಣದ ರಾಜ್ಯಗಳು ಉತ್ತರದ ನ್ಯೂ ಇಂಗ್ಲೆಂಡನ್ನು ಮೀರಿಸಿದವು.

ಆದರೆ ಈ ಗೆಲುವಿನ ಬುನಾದಿ ಯಾವುದು ಎಂಬುದನ್ನು ಗಮನಿಸಬೇಕು. ಹೆಚ್ಚಿನ ಕೌಶಲವಲ್ಲ, ಹೊಸ ವಿನ್ಯಾಸವಲ್ಲ, ಅಗ್ಗದ ಕೂಲಿ. ಕಾರ್ಮಿಕರ ಮನೆ, ಕಿರಾಣಿ ಅಂಗಡಿ, ಕೆಲವೆಡೆ ಚರ್ಚು ಕೂಡ ಗಿರಣಿಯದೇ. ಎಳೆಯ ಮಕ್ಕಳು ಕದಿರುಗಳ ನಡುವೆ ದುಡಿಯುತ್ತಿದ್ದುದನ್ನು ಲೂಯಿಸ್ ಹೈನ್ 1908ರಿಂದ ತೆಗೆದ ಛಾಯಾಚಿತ್ರಗಳು ಇಂದಿಗೂ ಸಾರುತ್ತಿವೆ. ಕೂಲಿ ಅಗ್ಗವೆಂಬ ಒಂದೇ ಕಾರಣಕ್ಕೆ ಬಂದ ಉದ್ಯಮ, ಇನ್ನೂ ಅಗ್ಗದ ಕೂಲಿ ಕಂಡೊಡನೆ ಅತ್ತ ಹೊರಡುತ್ತದೆ. ನ್ಯೂ ಇಂಗ್ಲೆಂಡಿನಿಂದ ದಕ್ಷಿಣಕ್ಕೆ ಬಂದದ್ದು, ದಕ್ಷಿಣದಿಂದ ಮೆಕ್ಸಿಕೊಗೂ ಏಷ್ಯಾಕ್ಕೂ ಹೊರಟಿತು. 1994ರಲ್ಲಿ ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂತು. 2005ರ ಜನವರಿ 1ರಂದು ಜವಳಿಯ ಆಮದು ಕೋಟಾ ಪದ್ಧತಿ ಕೊನೆಗೊಂಡಿತು. ಕೋಟಾ ಮುಗಿದುದನ್ನು ಬೆಂಗಳೂರಿನ ಸಿದ್ಧ ಉಡುಪು ತಯಾರಕರು ಅವಕಾಶವೆಂದು ಸ್ವಾಗತಿಸಿದರೆ, ಕೆರೋಲಿನಾದ ಗಿರಣಿ ಊರುಗಳಿಗೆ ಅದು ಮೃತ್ಯುವಾರ್ತೆಯಾಯಿತು.

ಉತ್ತರ ಕೆರೋಲಿನಾದ ಕನ್ನಾಪೊಲಿಸ್ ಪಟ್ಟಣದ ಕಥೆ ಇದಕ್ಕೆ ಸಾಕ್ಷಿ. ಕ್ಯಾನನ್ ಗಿರಣಿಯ ಟವೆಲುಗಳಿಂದ ಹೆಸರಾದ ಈ ಊರು 1984ರವರೆಗೆ ಪುರಸಭೆಯ ಸ್ಥಾನಮಾನವನ್ನೇ ಪಡೆದಿರಲಿಲ್ಲ. ಪೇಟೆಯ ಕಟ್ಟಡಗಳೂ ಗಿರಣಿಯ ಒಡೆತನದಲ್ಲಿದ್ದವು. ಗಿರಣಿ ಹಲವು ಕೈ ಬದಲಾಗಿ ಕೊನೆಗೆ ಪಿಲ್ಲೊಟೆಕ್ಸ್ ಎಂಬ ಕಂಪನಿಗೆ ಸೇರಿತು. 2003ರ ಜುಲೈ 30ರಂದು ಆ ಕಂಪನಿ ಬಾಗಿಲು ಹಾಕಿತು. ಒಂದೇ ದಿನ ಆ ಪ್ರದೇಶದಲ್ಲಿ 4,000ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಗಿರಣಿಯ ಕೂಲಿಯ ಮೇಲೆ ನಡೆಯುತ್ತಿದ್ದ ಕ್ಷೌರದಂಗಡಿ, ಹೋಟೆಲು, ಔಷಧಿ ಅಂಗಡಿ, ಕಾರು ದುರಸ್ತಿಯವರು ಯಾವ ಪಟ್ಟಿಯಲ್ಲೂ ಸೇರಲಿಲ್ಲ. ಗಿರಣಿ ಮುಚ್ಚಿದಾಗ ಕಾರ್ಮಿಕನಿಗೆ ಪರಿಹಾರದ ಮಾತಾದರೂ ಕೇಳಿಬರುತ್ತದೆ. ಅವನಿಗೆ ಸಾಲ ಕೊಟ್ಟ ಕಿರಾಣಿಯವನ ಖಾತೆ ಪುಸ್ತಕವನ್ನು ಕೇಳುವವರಿಲ್ಲ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಗಿರಣಿಗಳ ಸಿಳ್ಳೆ ನಿಂತ ದಿನಗಳನ್ನು ಕಂಡ ವರ್ತಕರು ಈ ಮಾತನ್ನು ಒಪ್ಪದಿರಲಾರರು.

ಕನ್ನಾಪೊಲಿಸ್ ನಗರಾಡಳಿತವು 2015ರಲ್ಲಿ ಪೇಟೆಯ ಕಟ್ಟಡಗಳನ್ನು ತಾನೇ ಕೊಂಡು ಪುನರುಜ್ಜೀವನಕ್ಕೆ ಕೈ ಹಾಕಿತು. ಸ್ವಂತ ಪೇಟೆಯ ಒಡೆತನ ಪಡೆಯಲು ಆ ಊರು ಕಾದದ್ದು ಒಂದು ಶತಮಾನ.

ಒಂದು ಹೊದಿಕೆಯಿಂದ ಬೆಳೆದ ಊರು

ಇದೇ ಸೀಮೆಯಲ್ಲಿ ಬೇರೆ ದಾರಿ ಹಿಡಿದ ಊರೂ ಇದೆ. ವಾಯವ್ಯ ಜಾರ್ಜಿಯಾದ ಡಾಲ್ಟನ್ ಅಂಥದ್ದು. 1895ರಲ್ಲಿ ಕ್ಯಾಥರೀನ್ ಇವಾನ್ಸ್ ಎಂಬ ಹದಿಹರೆಯದ ಹುಡುಗಿ, ಹಳೆಯ ಹೊದಿಕೆಯೊಂದನ್ನು ನೋಡಿ, ಬಟ್ಟೆಯ ಮೇಲೆ ನೂಲಿನ ಕುಚ್ಚುಗಳನ್ನು ಎಬ್ಬಿಸಿ ಹಾಸಿಗೆಯ ಮೇಲುಹೊದಿಕೆಯೊಂದನ್ನು ತಯಾರಿಸಿದಳು. 1900ರಲ್ಲಿ ಅಂಥ ಹೊದಿಕೆಯೊಂದನ್ನು ಎರಡೂವರೆ ಡಾಲರಿಗೆ ಮಾರಿದಳು. ಬೇಡಿಕೆ ಹೆಚ್ಚಿದಾಗ ನೆರೆಹೊರೆಯ ಹೆಂಗಸರಿಗೆ ಕೆಲಸ ಕಲಿಸಿದಳು. ವರ್ತಕರು ಬಟ್ಟೆ ಮತ್ತು ನೂಲನ್ನು ಮನೆಮನೆಗೆ ಹಂಚಿ, ಸಿದ್ಧವಾದ ಹೊದಿಕೆಗಳನ್ನು ಒಟ್ಟುಗೂಡಿಸಿ ಮಾರತೊಡಗಿದರು. ಹೆದ್ದಾರಿಯ ಬದಿಯಲ್ಲಿ ತಂತಿಗೆ ನೇತುಹಾಕಿದ ಬಣ್ಣಬಣ್ಣದ ಹೊದಿಕೆಗಳೇ ಜಾಹೀರಾತಾದವು. ನವಿಲಿನ ಚಿತ್ತಾರ ಎಷ್ಟು ಜನಪ್ರಿಯವಾಯಿತೆಂದರೆ ಆ ರಸ್ತೆಗೆ ‘ನವಿಲು ಬೀದಿ’ ಎಂಬ ಅಡ್ಡಹೆಸರೇ ಬಿತ್ತು.

ಮುಂದೆ ಹೊಲಿಗೆ ಯಂತ್ರವನ್ನು ಮಾರ್ಪಡಿಸಿ ಕುಚ್ಚು ಎಬ್ಬಿಸುವ ಯಂತ್ರವನ್ನು ಅಲ್ಲಿಯ ಮೆಕ್ಯಾನಿಕ್ಕುಗಳೇ ರೂಪಿಸಿದರು. ಎರಡನೆಯ ಮಹಾಯುದ್ಧದ ತರುವಾಯ ಅಗಲವಾದ ಯಂತ್ರಗಳು ಬಂದು, ಹೊದಿಕೆಯ ಊರು ಕಾರ್ಪೆಟ್ಟಿನ ಊರಾಯಿತು. ನೂಲು ತಿರುಚುವವರು, ಬಣ್ಣ ಹಾಕುವವರು, ಹಿಂಬದಿಯ ಬಟ್ಟೆ ಒದಗಿಸುವವರು, ಯಂತ್ರ ದುರಸ್ತಿಯವರು, ಲಾರಿ ಮಾಲೀಕರು ಎಲ್ಲರೂ ಕೆಲವೇ ಮೈಲಿಗಳೊಳಗೆ ನೆಲೆಸಿದರು. ಅಮೆರಿಕದಲ್ಲಿ ತಯಾರಾಗುವ ಕಾರ್ಪೆಟ್ಟಿನ ಬಹುಪಾಲು ಇಂದಿಗೂ ಈ ಪ್ರದೇಶದ್ದೇ.

ಡಾಲ್ಟನ್‌ಗೆ ಕಷ್ಟ ಬರಲಿಲ್ಲವೆಂದಲ್ಲ. 2008ರ ಆರ್ಥಿಕ ಕುಸಿತದಲ್ಲಿ ಮನೆ ಕಟ್ಟುವ ಕೆಲಸ ನಿಂತಾಗ ಕಾರ್ಪೆಟ್ಟಿನ ಬೇಡಿಕೆ ಕುಸಿದು ಸಾವಿರಾರು ಜನ ನಿರುದ್ಯೋಗಿಗಳಾದರು. ಒಂದೇ ಸರಕನ್ನು ನಂಬಿದ್ದರ ದಂಡವನ್ನು ಅದೂ ತೆತ್ತಿತು. ಆದರೆ ಊರು ಬರಿದಾಗಲಿಲ್ಲ. ನೆಲಹಾಸಿನ ಇತರ ಬಗೆಗಳಿಗೆ ಕಾರ್ಖಾನೆಗಳು ಹೊರಳಿದವು. 2019ರಲ್ಲಿ ಸೌರ ಫಲಕಗಳ ಕಾರ್ಖಾನೆಯೂ ಆರಂಭವಾಯಿತು. ಕನ್ನಾಪೊಲಿಸ್‌ಗೂ ಡಾಲ್ಟನ್‌ಗೂ ಇರುವ ಅಂತರ ಇಷ್ಟೇ: ಒಂದರಲ್ಲಿ ಗಿರಣಿಯೊಳಗೆ ಊರಿತ್ತು, ಇನ್ನೊಂದರಲ್ಲಿ ಊರೊಳಗೆ ಉದ್ಯಮವಿತ್ತು.

ದಕ್ಷಿಣ ಕೆರೋಲಿನಾ ರಾಜ್ಯವು 1961ರಲ್ಲೇ ತಾಂತ್ರಿಕ ತರಬೇತಿ ವ್ಯವಸ್ಥೆಯೊಂದನ್ನು ಆರಂಭಿಸಿತು. ಬರಲಿರುವ ಕಾರ್ಖಾನೆಗೆ ಬೇಕಾದ ಕೆಲಸವನ್ನು ಮೊದಲೇ ಕಲಿಸುವುದು ಅದರ ವೈಶಿಷ್ಟ್ಯ. ಗಿರಣಿಗಳ ನಾಡಾಗಿದ್ದ ಸ್ಪಾರ್ಟನ್‌ಬರ್ಗ್ ಕೌಂಟಿಯನ್ನು ಜರ್ಮನಿಯ ಬಿಎಂಡಬ್ಲ್ಯು ಕಂಪನಿ 1992ರಲ್ಲಿ ಆರಿಸಿಕೊಂಡು, 1994ರಲ್ಲಿ ಕಾರು ತಯಾರಿಕೆ ಆರಂಭಿಸಿತು. ತೆರಿಗೆ ರಿಯಾಯಿತಿಯ ಪಾತ್ರವೂ ಇದರಲ್ಲಿತ್ತು, ನಿಜ. ಆದರೆ ರಿಯಾಯಿತಿಯನ್ನು ಯಾವ ರಾಜ್ಯವೂ ಕೊಡಬಲ್ಲದು. ತರಬೇತಾದ ಕೈಗಳನ್ನು ಒಂದು ವಿಧೇಯಕದಿಂದ ಸೃಷ್ಟಿಸಲಾಗದು.

ಅಂಗಡಿಯ ಕರಾರು, ಅಂಗಡಿಯ ಕಟ್ಟೆ

ಜಗತ್ತಿನ ಅತಿದೊಡ್ಡ ಚಿಲ್ಲರೆ ವ್ಯಾಪಾರ ಸಂಸ್ಥೆ ವಾಲ್‌ಮಾರ್ಟ್ ಹುಟ್ಟಿದ್ದೂ ಇದೇ ಸೀಮೆಯ ಅರ್ಕಾನ್ಸಾಸ್ ರಾಜ್ಯದಲ್ಲಿ. ಸ್ಯಾಮ್ ವಾಲ್ಟನ್ 1945ರಲ್ಲಿ ನ್ಯೂಪೋರ್ಟ್ ಎಂಬ ಊರಿನಲ್ಲಿ ಬಾಡಿಗೆ ಮಳಿಗೆಯಲ್ಲಿ ಅಂಗಡಿ ತೆರೆದರು. ವ್ಯಾಪಾರ ಕುದುರಿತು. ಆದರೆ ಕರಾರು ಪತ್ರದಲ್ಲಿ ನವೀಕರಣದ ಹಕ್ಕಿನ ಮಾತೇ ಇರಲಿಲ್ಲ. ಅವಧಿ ಮುಗಿದಾಗ ಮಾಲೀಕ ನವೀಕರಿಸಲು ಒಪ್ಪಲಿಲ್ಲ. ಕಟ್ಟಿ ಬೆಳೆಸಿದ ಅಂಗಡಿ ಬಿಟ್ಟು ವಾಲ್ಟನ್ ಅವರು 1950ರಲ್ಲಿ ಬೆಂಟನ್‌ವಿಲ್‌ಗೆ ಬಂದು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. 1962ರಲ್ಲಿ ರಾಜರ್ಸ್ ಪಟ್ಟಣದಲ್ಲಿ ಮೊದಲ ವಾಲ್‌ಮಾರ್ಟ್ ತೆರೆಯಿತು. 2018ರಲ್ಲಿ ಬೆಂಗಳೂರಿನಲ್ಲಿ ಬೆಳೆದ ಫ್ಲಿಪ್‌ಕಾರ್ಟ್‌ನ ಬಹುಪಾಲು ಷೇರನ್ನು ಸುಮಾರು 1,600 ಕೋಟಿ ಡಾಲರಿಗೆ ಕೊಂಡದ್ದು ಇದೇ ಸಂಸ್ಥೆ.

ದೊಡ್ಡವರು ಕಡೆಗಣಿಸಿದ ಸಣ್ಣ ಊರುಗಳನ್ನೇ ಆರಿಸಿಕೊಂಡದ್ದು, ಉಗ್ರಾಣದಿಂದ ಒಂದು ದಿನದ ಲಾರಿ ಪ್ರಯಾಣದೊಳಗೆ ಅಂಗಡಿಗಳನ್ನಿಟ್ಟದ್ದು, ಕಡಿಮೆ ಲಾಭದಲ್ಲಿ ಹೆಚ್ಚು ಮಾರಿದ್ದು ವಾಲ್‌ಮಾರ್ಟಿನ ಯಶಸ್ಸಿಗೆ ಕಾರಣ. ಬೆಲೆ ಇಳಿದುದರಿಂದ ಬಡ ಗ್ರಾಹಕನಿಗೆ ಅನುಕೂಲವಾದದ್ದನ್ನು ಅಲ್ಲಗಳೆಯಲಾಗದು. ಆದರೆ ಇನ್ನೊಂದು ಮುಖವೂ ಇದೆ. ಉತ್ತರ ಕೆರೋಲಿನಾದ ಓರಿಯೆಂಟಲ್ ಎಂಬ ಪುಟ್ಟ ಊರಿಗೆ ವಾಲ್‌ಮಾರ್ಟಿನ ಸಣ್ಣ ಮಳಿಗೆ ಬಂದಮೇಲೆ ಊರಿನ ಹಳೆಯ ದಿನಸಿ ಅಂಗಡಿ 2015ರಲ್ಲಿ ಮುಚ್ಚಿತು. 2016ರ ಜನವರಿಯಲ್ಲಿ ಆ ಮಾದರಿಯ 102 ಮಳಿಗೆಗಳನ್ನೂ ಮುಚ್ಚುವುದಾಗಿ ಕಂಪನಿ ಪ್ರಕಟಿಸಿತು. ಊರಿಗೆ ಹಳೆಯದೂ ಉಳಿಯಲಿಲ್ಲ, ಹೊಸದೂ ನಿಲ್ಲಲಿಲ್ಲ. ಲೆಕ್ಕ ಸರಿಬಾರದಿದ್ದರೆ ಕಂಪನಿಗೆ ಅದು ನೂರೆರಡರಲ್ಲಿ ಒಂದು. ಊರಿನ ವರ್ತಕನಿಗೆ ಇರುವುದೊಂದೇ ಅಂಗಡಿ, ಹಾಗಾಗಿ ಅವನು ನಷ್ಟದ ವರ್ಷವನ್ನೂ ಸಹಿಸಿಕೊಂಡು ಕೂರುತ್ತಾನೆ.

ಗ್ರೇಡಿಯವರ ಲೆಕ್ಕದಲ್ಲಿ ಬಿಟ್ಟುಹೋದದ್ದು

ಗ್ರೇಡಿಯವರ ಕಣ್ಣಿಗೆ ಶವಪೆಟ್ಟಿಗೆಯ ಮೊಳೆ ಕಂಡಿತು. ಊರಿನ ಅರ್ಧ ಜನ ಕಾಣಲಿಲ್ಲ. ಬಿಳಿಯರ ಮೇಲುಗೈಯನ್ನು ಅವರು ಬಹಿರಂಗವಾಗಿಯೇ ಸಮರ್ಥಿಸಿದರು. ಗಿರಣಿಯ ಯಂತ್ರದ ಕೆಲಸ 1960ರ ದಶಕದವರೆಗೂ ಬಹುಮಟ್ಟಿಗೆ ಬಿಳಿಯರಿಗೇ ಮೀಸಲಾಗಿತ್ತು. ದುಡಿಯಬಲ್ಲ, ಕಲಿಯಬಲ್ಲ, ಕೊಳ್ಳಬಲ್ಲ ಲಕ್ಷಾಂತರ ಜನರನ್ನು ಬಾಗಿಲಾಚೆ ನಿಲ್ಲಿಸಿ ಯಾವ ಸೀಮೆಯೂ ಶ್ರೀಮಂತವಾಗಲಾರದು.

1960ರ ಫೆಬ್ರವರಿ 1ರಂದು ಉತ್ತರ ಕೆರೋಲಿನಾದ ಗ್ರೀನ್ಸ್‌ಬರೋ ನಗರದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ವುಲ್‌ವರ್ತ್ ಅಂಗಡಿಗೆ ಹೋಗಿ ಕೆಲವು ಸಣ್ಣಪುಟ್ಟ ಸಾಮಾನು ಕೊಂಡು, ಅದೇ ಅಂಗಡಿಯ ಊಟದ ಕಟ್ಟೆಯಲ್ಲಿ ಕುಳಿತು ಕಾಫಿ ಕೇಳಿದರು. ಒಂದು ಗಲ್ಲಾದಲ್ಲಿ ಅವರ ಹಣ ಪಡೆದ ಅಂಗಡಿ ಇನ್ನೊಂದು ಕಟ್ಟೆಯಲ್ಲಿ ಕಾಫಿ ಕೊಡಲಿಲ್ಲ. ಧರಣಿ ಊರೂರಿಗೆ ಹಬ್ಬಿತು, ಪೇಟೆಯ ವ್ಯಾಪಾರ ಕುಸಿಯಿತು; ಜುಲೈ 25ರಂದು ಆ ಕಟ್ಟೆ ಎಲ್ಲರಿಗೂ ತೆರೆಯಿತು.

ಇಂಥ ಸಂದರ್ಭದಲ್ಲಿ ವಾಣಿಜ್ಯ ಸಂಸ್ಥೆಯೊಂದು ಏನು ಮಾಡಬಲ್ಲದೆಂಬುದಕ್ಕೆ ಅಟ್ಲಾಂಟಾ ಮಾದರಿ ಒದಗಿಸುತ್ತದೆ. ಕಚೇರಿ ಸಾಮಗ್ರಿಗಳ ವ್ಯಾಪಾರಿ ಐವನ್ ಆಲನ್ ಜೂನಿಯರ್ 1961ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿಯ ಅಧ್ಯಕ್ಷರಾಗಿದ್ದರು. ಪೇಟೆಯ ವರ್ತಕರಿಗೂ ಕಪ್ಪು ಜನರ ಮುಖಂಡರಿಗೂ ನಡುವೆ ನಿಂತು, ಊಟದ ಕಟ್ಟೆಗಳನ್ನು ಎಲ್ಲರಿಗೂ ತೆರೆಯುವ ಒಪ್ಪಂದಕ್ಕೆ ದಾರಿ ಮಾಡಿದರು. ಮರುವರ್ಷ ಮೇಯರ್ ಆದರು. 1963ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ನಾಗರಿಕ ಹಕ್ಕುಗಳ ಮಸೂದೆಯ ಪರವಾಗಿ ಸಾಕ್ಷ್ಯ ನುಡಿದರು. ದಕ್ಷಿಣದ ಬಿಳಿಯ ನಾಯಕನೊಬ್ಬನಿಗೆ ಅದು ಸುಲಭದ ಕೆಲಸವಾಗಿರಲಿಲ್ಲ. ಮುಂದೆ ಅಟ್ಲಾಂಟಾ ದಕ್ಷಿಣದ ವಾಣಿಜ್ಯ ರಾಜಧಾನಿಯಾಗಿ ಬೆಳೆದುದಕ್ಕೂ ಈ ವಿವೇಕಕ್ಕೂ ಸಂಬಂಧವಿಲ್ಲವೆನ್ನಲಾಗದು. ವಿದ್ಯಾರ್ಥಿಗಳ ಹೋರಾಟ ಮೊದಲು, ವರ್ತಕರ ವಿವೇಕ ಆಮೇಲೆ ಎಂಬುದನ್ನೂ ಮರೆಯಬಾರದು.

ಆಗಬೇಕಾದದ್ದು

ಈ ಎಲ್ಲ ಸಂಗತಿಗಳಿಂದ ಸಣ್ಣ ಊರಿನ ವರ್ತಕರೂ ಉದ್ದಿಮೆದಾರರೂ ಗ್ರಹಿಸಬೇಕಾದ ಅಂಶಗಳು ಕೆಲವಿವೆ. ಮೊದಲನೆಯದಾಗಿ, ಪ್ರತಿ ತಾಲ್ಲೂಕಿನ ವರ್ತಕರ ಸಂಘವೂ ಗ್ರೇಡಿಯವರ ಲೆಕ್ಕವನ್ನು ಒಮ್ಮೆಯಾದರೂ ಬರೆಯಬೇಕು. ಊರಿನ ಒಂದು ಮದುವೆಯನ್ನೋ ಒಂದು ಜಾತ್ರೆಯನ್ನೋ ಆರಿಸಿಕೊಂಡು, ಅದಕ್ಕೆ ಬಳಕೆಯಾದ ವಸ್ತುಗಳಲ್ಲಿ ಊರಿನದೆಷ್ಟು, ಹೊರಗಿನದೆಷ್ಟು ಎಂದು ಪಟ್ಟಿ ಮಾಡಿದರೆ, ಯಾವ ಸಣ್ಣ ಉದ್ದಿಮೆಗೆ ಅವಕಾಶವಿದೆಯೆಂಬುದು ದುಬಾರಿ ಸಮೀಕ್ಷೆಯಿಲ್ಲದೆಯೇ ತಿಳಿದೀತು.

ಎರಡನೆಯದು, ಒಂದೇ ಗಿರಣಿ, ಒಂದೇ ಸರಕು, ಒಂದೇ ಖರೀದಿದಾರ ಎಂಬ ಅವಲಂಬನೆ ಅಪಾಯಕಾರಿ. 2025ರ ಆಗಸ್ಟ್‌ನಲ್ಲಿ ಅಮೆರಿಕವು ಭಾರತದ ಹಲವು ಸರಕುಗಳ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ, ಆ ಒಂದೇ ಮಾರುಕಟ್ಟೆಗೆ ಹೊಲಿಯುತ್ತಿದ್ದ ಉಡುಪು ಘಟಕಗಳು ಎದುರಿಸಿದ ಸಂಕಟ ಇನ್ನೂ ಹಳೆಯ ಮಾತಾಗಿಲ್ಲ. ಸುಂಕ ಏರುತ್ತದೆ, ಇಳಿಯುತ್ತದೆ. ಅದನ್ನು ನಿರ್ಧರಿಸುವವರು ಊರಿನವರಲ್ಲ. ಎರಡನೆಯ ಗಿರಾಕಿಯನ್ನು ಹುಡುಕಿಟ್ಟುಕೊಳ್ಳುವುದು ಮಾತ್ರ ಊರಿನವರ ಕೈಯಲ್ಲಿದೆ.

ಮೂರನೆಯದು, ಕೌಶಲ. ಐಟಿಐಗಳಲ್ಲಿ ಏನು ಕಲಿಸಬೇಕೆಂಬುದನ್ನು ಕೇಳುವ ಹಕ್ಕೂ ಹೇಳುವ ಹೊಣೆಯೂ ಸ್ಥಳೀಯ ಉದ್ದಿಮೆದಾರರಿಗಿದೆ. ನಾಲ್ಕಾರು ಘಟಕಗಳು ಕೂಡಿ ಪರೀಕ್ಷಾಲಯ, ಬಣ್ಣದ ಘಟಕ ಅಥವಾ ಉಪಕರಣ ಕೋಣೆಯೊಂದನ್ನು ನಡೆಸುವುದು ಒಂಟಿಯಾಗಿ ಹೆಣಗುವುದಕ್ಕಿಂತ ಲೇಸು.

ನಾಲ್ಕನೆಯದು ಸಣ್ಣದಾಗಿ ಕಂಡರೂ ಸಣ್ಣದಲ್ಲ. ಬಾಡಿಗೆ ಮಳಿಗೆಯಲ್ಲಿರುವ ಪ್ರತಿಯೊಬ್ಬ ವರ್ತಕನೂ ತನ್ನ ಕರಾರು ಪತ್ರವನ್ನು ತೆಗೆದು, ನವೀಕರಣದ ಷರತ್ತು ಇದೆಯೇ ಎಂದು ಓದಿ ನೋಡುವುದು ಒಳಿತು. ವಾಲ್ಟನ್ ಅವರು ಎರಡನೆಯ ಬಾರಿ ಎದ್ದು ನಿಂತರು. ಅಂಥ ಎರಡನೆಯ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.

ಕೊನೆಯದಾಗಿ, ಕಾರ್ಖಾನೆ ತರುವೆವೆಂದು ಬರುವವರನ್ನು ಸ್ವಾಗತಿಸುವ ಮುನ್ನ ಊರಿನ ಪ್ರಮುಖರು ಕೇಳಬೇಕಾದ ಪ್ರಶ್ನೆ ಒಂದುಂಟು: ಇವರು ಬರುವುದು ಇಲ್ಲಿನ ಕೂಲಿ ಅಗ್ಗವೆಂದೋ, ಇಲ್ಲಿನ ಕೆಲಸ ಒಳ್ಳೆಯದೆಂದೋ? ಕೂಲಿ ಅಗ್ಗವೆಂದು ಬಂದವರು ಅದು ಏರಿದ ದಿನ ಹೊರಡುವರು. ಅವರಿಗಾಗಿ ರಸ್ತೆ, ನೀರು, ವಿದ್ಯುತ್ ಒದಗಿಸಿದ ಸಾಲ ಮಾತ್ರ ಊರಿನಲ್ಲಿ ಉಳಿಯುವುದು.